ಹಳೇ ಲಗ್ನಪತ್ರಿಕೆ ಬೇಡಿ ಬಂದ ಸೋದರಮಾವ

ಎಲ್ಲರ ಮನೆಯಲ್ಲೂ ಹೇಳಿದ ಮಾತು ಕೇಳದವರು ಒಬ್ಬರಾದರೂ ಇರುತ್ತಾರೆ. ನಮ್ಮಲ್ಲಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಕೇಳುವವರು ಒಬ್ಬರಿದ್ದಾರೆ, ನನ್ನ ಸೋದರಮಾವ. ಈ ಇಬ್ಬರಲ್ಲಿ ಯಾರ ಕಾಟ ಹೆಚ್ಚು ಅಂತೀರಾ? ಅಯ್ಯೋ, ನಮ್ಮ ಮಾಮಾನದೇ! ‘ಮಾಮಾ, ಒಂದ ನಿಮಿಷ ಒಳಗ ಬಂದ ಕುಂದರ್ರಿ’ ಎಂದು ಕರೆದು ನೋಡಿ. ಬರುತ್ತಾರೆ, ಕೂರುತ್ತಾರೆ, ಗೋಡೆಯ ಗಡಿಯಾರ ನೋಡುತ್ತಾರೆ, ಒಂದು ನಿಮಿಷಕ್ಕೆ ಸರಿಯಾಗಿ ಎದ್ದು ಚಪ್ಪಲಿ ಮೆಟ್ಟುತ್ತಾರೆ. ಒಲೆಯ ಮೇಲೆ ಚಹಾ ಕುದಿಯುತ್ತಲೇ ಇರುತ್ತದೆ.

ಇಂಥವರು ಹೊಟ್ಟೆಪಾಡಿಗೆ ಆರಿಸಿಕೊಂಡ ಕೆಲಸ ಯಾವುದು ಗೊತ್ತೇ? ಟೈಪಿಂಗ್! ರೋಣದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಅಂಗಡಿ, ಅದಕ್ಕೆ ಅಂಟಿಕೊಂಡೇ ಮನೆ. ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆ, ಏನು ಹೇಳಿದರೂ ಬಡಿದು ಕೊಡುತ್ತಿದ್ದರು. ಏನು ಹೇಳಿದರೂ ಎಂದೆನಲ್ಲ, ಅದೇ ತೊಂದರೆ. ಒಮ್ಮೆ ಹೊಳೆಆಲೂರಿನ ಹಿರಿಯರೊಬ್ಬರು ಹೊಲದ ದಾರಿ ಕೆಟ್ಟಿದೆ ಎಂದು ಅರ್ಜಿ ಬರೆಸಲು ಬಂದರು. ಎದುರಿಗೆ ನಿಂತು ಹೇಳುತ್ತ ಹೋದರು, ಮಾಮಾ ಬಡಿಯುತ್ತ ಹೋದರು. ನಡುವೆ ಅವರು ಬಾಗಿಲ ಕಡೆ ತಿರುಗಿ, ‘ಏ ಬಸಪ್ಪಾ, ನನ್ನ ಚೀಲದ ಮ್ಯಾಲ ನಿಗಾ ಇಡಪಾ’ ಎಂದರು. ಮಾಮಾ ಅದನ್ನೂ ಬಡಿದರು. ಹಿರಿಯರು ಹೆಬ್ಬೆಟ್ಟೊತ್ತಿ ಕೊಟ್ಟುಬಂದರು. ವಾರದ ಮೇಲೆ ಅದೇ ಅರ್ಜಿ ಹಿಡಿದು ತಿರುಗಿ ಬಂದು ನಿಂತರು.

‘ಸಾಹೇಬ್ರ, ಕಚೇರ್ಯಾಗ ಈ ಬಸಪ್ಪ ಯಾರು ಅಂತ ಕೇಳಾಕತ್ತಾರ್ರಿ. ಅವಂದೂ ಸಹಿ ಬೇಕಂತ!’

ಮಾಮಾ ಏನು ಮಾಡಿದರು ಅಂದುಕೊಂಡಿರಿ? ಸಾಲನ್ನು ಅಳಿಸಿದರೇ? ಛೇ! ‘ನೀವು ಹೇಳಿದ್ದು ಖರೇ ಹೌದೋ ಅಲ್ಲೋ?’ ಎಂದು ಕೇಳಿದರು. ಹಿರಿಯರು ಹೌದೆಂದರು. ಕೊನೆಗೆ ಬಸಪ್ಪನನ್ನೇ ಕರೆಸಿ ಸಹಿ ಹಾಕಿಸಿದರು.

ಇದೇ ಮಾಮಾನ ಕಂಪ್ಯೂಟರಿನೊಳಗೆ, ಹೋದ ವರ್ಷ ನನ್ನ ಮಗಳ ಮದುವೆಯ ಹೊತ್ತಿಗೆ, ನಮ್ಮ ಅವ್ವನ ಜೀವ ಸಿಕ್ಕಿಕೊಂಡಿತ್ತು. ಅದನ್ನು ಹೇಳುವ ಮೊದಲು ಆ ಕಂಪ್ಯೂಟರಿನ ಕಥೆ ಸ್ವಲ್ಪ ಹೇಳಬೇಕು.

ಮೊದಲು ಅದರಲ್ಲಿ ಎಲ್ಲರ ಅಂಗಡಿಯಲ್ಲಿದ್ದ ವ್ಯವಸ್ಥೆಯೇ ಇತ್ತು. ಗಿರಾಕಿಗಳು ತರುವ ಪೆನ್‌ಡ್ರೈವುಗಳಿಂದ ವೈರಸ್ ಹತ್ತಿ ವಾರಕ್ಕೊಮ್ಮೆ ಮಲಗುತ್ತಿತ್ತು. ಒಂದು ದಿನ ಮಾಮಾ ಅದನ್ನು ಕಿತ್ತು ಹಾಕಿ ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿಕೊಂಡರು. ಯಾರಾದರೂ ಒತ್ತಾಯ ಮಾಡಿದರೇ? ಇಲ್ಲ. ಗದಗಿನ ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ಮಾಸಪತ್ರಿಕೆಯ ಜೊತೆ ಪುಕ್ಕಟೆ ಡಿಸ್ಕ್ ಬಂದಿತ್ತು. ಕವರಿನ ಮೇಲೆ ‘ಹಾಕಿ ನೋಡಿ’ ಎಂದು ಬರೆದಿತ್ತು. ಹೇಳಿದ್ದನ್ನು ಕೇಳುವವರಲ್ಲವೇ, ಹಾಕಿ ನೋಡಿದರು.

ನೋಡಿದವರು ಅದರ ಮೋಹಕ್ಕೆ ಬಿದ್ದರು. ‘ನೋಡವಾ, ಇದಕ್ಕ ಹೇಳಿದ್ದಷ್ಟ ಮಾಡ್ತೈತಿ. ಹೇಳಲಾರದ್ದು ತಾನ ಶಾಣ್ಯಾತನ ಮಾಡೂದಿಲ್ಲ. ನಾವು ತಪ್ಪ ಹೇಳಿದ್ರ ತಪ್ಪ ಮಾಡ್ತೈತಿ, ಎಷ್ಟ ಚಲೋ!’ ಎಂದು ನನ್ನ ಮುಂದೆ ಹೊಗಳಿದರು. ಕಂಪ್ಯೂಟರ್ ತಪ್ಪು ಮಾಡಿದರೆ ಖುಷಿಪಡುವ ಮನುಷ್ಯನನ್ನು ನಾನು ಅವತ್ತೇ ನೋಡಿದ್ದು. ಒಳಗಿನಿಂದ ಮಾಮಾನ ಹೆಂಡತಿ, ನಮ್ಮ ಅತ್ತಿ, ಕೂಗಿದಳು: ‘ಅವರ ಅಣ್ಣತಮ್ಮ ಯಾವನೋ ಸಿಕ್ಕಾನವಾ, ಪೆಟ್ಟಿಗ್ಯಾಗ ಇದ್ದ!’

ಅತ್ತಿ ಆ ಪೆಟ್ಟಿಗೆಯನ್ನು ಮೆಚ್ಚಿದ್ದು ಒಂದೇ ಸಲ. ಮಾಮಾ ಏನೋ ಒಂದು ಫೈಲು ತಿದ್ದಲು ಹೋಗಿದ್ದಾರೆ, ‘ಇದಕ್ಕೆ ನಿಮಗೆ ಅಧಿಕಾರವಿಲ್ಲ’ ಎಂದು ತೆರೆಯ ಮೇಲೆ ಬಂದಿದೆ. ಮಾಮಾ ಅದನ್ನು ಗಟ್ಟಿಯಾಗಿ ಓದಿದರು. ಅತ್ತಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿ, ‘ಈ ಮನ್ಯಾಗ ಅದೊಂದರ ಖರೇ ಹೇಳಾಕತ್ತೈತಿ’ ಎಂದಳು.

ಇನ್ನು ಪ್ರಿಂಟರ್ ಪ್ರಸಂಗ. ನಮ್ಮ ಗಜೇಂದ್ರಗಡದ ಕಡೆಯ ಒಬ್ಬರು ಲಗ್ನಪತ್ರಿಕೆ ಹೊಡೆಸಲು ರೋಣಕ್ಕೆ ಹೋದರು. ಪತ್ರಿಕೆ ಸೊಗಸಾಗಿ ಬಂತು, ಕೊನೆಯ ಸಾಲೊಂದು ಬಿಟ್ಟು. ಕೊನೆಯ ಸಾಲಿನಲ್ಲಿ ಏನಿರುತ್ತದೆ? ಮದುವೆಯ ಸ್ಥಳ! ಎಷ್ಟು ಸಲ ಹೊಡೆದರೂ ಮುಹೂರ್ತ ಬರುತ್ತದೆ, ಸ್ಥಳ ಬರುವುದಿಲ್ಲ. ಅತ್ತಿ, ‘ಕೈಲೆ ಬರದ ಕೊಡ್ರಿ, ಪಾಪ ಅವರಿಗೆ ಗಡಿಬಿಡಿ ಐತಿ’ ಎಂದಳು. ‘ಕೈಲೆ ಬರದ್ರ ಇದರ ರೋಗ ಹೋಗ್ತೈತೇನು?’ ಎಂದು ಮಾಮಾ ಪ್ರಿಂಟರಿನ ಮುಂದೆ ಕೂತುಬಿಟ್ಟರು. ಗಿರಾಕಿ ಕಾದು ಕಾದು, ಇದ್ದ ಪತ್ರಿಕೆಗಳನ್ನು ಎತ್ತಿಕೊಂಡು ಹೋಗಿ ಮನೆಮಂದಿಯೆಲ್ಲ ಕೂತು ಸ್ಥಳವನ್ನು ಕೈಯಲ್ಲೇ ಬರೆದುಕೊಂಡರು. ಇತ್ತ ಮಾಮಾನಿಗೆ ನಾಲ್ಕನೇ ದಿನ ರೋಗ ಸಿಕ್ಕಿತು. ವ್ಯವಸ್ಥೆಯ ಒಳಗೆಲ್ಲೋ ಕಾಗದದ ಅಳತೆ ಅಮೆರಿಕದ್ದು ಎಂದು ಬರೆದುಕೊಂಡಿತ್ತಂತೆ. ಅಲ್ಲಿಯ ಕಾಗದ ನಮ್ಮದಕ್ಕಿಂತ ಗಿಡ್ಡ. ರೋಣದ ಕಾಗದದ ಮೇಲೆ ಅಮೆರಿಕದ ಉದ್ದಕ್ಕೆ ಹೊಡೆದು, ‘ಇಲ್ಲಿಗೆ ಮುಗಿಯಿತು’ ಎಂದು ಅದು ನಿಲ್ಲಿಸುತ್ತಿತ್ತು. ಮಾಮಾ ಅಳತೆ ತಿದ್ದಿದರು, ಅಷ್ಟೂ ಪತ್ರಿಕೆಗಳನ್ನು ಹೊಸದಾಗಿ ಹೊಡೆದರು, ಬಸ್ ಹತ್ತಿ ಗಜೇಂದ್ರಗಡಕ್ಕೆ ತಂದುಕೊಟ್ಟರು. ಆಗ ಮದುವೆ ಮುಗಿದು ಶಾಮಿಯಾನ ಬಿಚ್ಚುತ್ತಿದ್ದರು! ಬೀಗರು ದೊಡ್ಡ ಮನಸ್ಸಿನವರು, ಉಳಿದ ಬುಂದೆಯಲ್ಲಿ ಮಾಮಾನಿಗೊಂದು ಎಲೆ ಹಾಕಿದರು.

ಇನ್ನೊಂದು ಪದ್ಧತಿ ಹೇಳಲೇಬೇಕು. ಯಾವ ಫೈಲು ತಿದ್ದುವ ಮೊದಲೂ ಮಾಮಾ ಅದರದೊಂದು ನಕಲು ಮಾಡಿ ಪಕ್ಕಕ್ಕೆ ಇಡುತ್ತಾರೆ. ಹೆಸರಿನ ಮುಂದೆ ‘ಹಳೇದು’ ಎಂದು ಸೇರಿಸುತ್ತಾರೆ. ಎರಡನೇ ಸಲ ತಿದ್ದಿದರೆ ‘ಇನ್ನೂ ಹಳೇದು’. ಮೂರನೇ ಸಲಕ್ಕೆ ‘ಎಲ್ಲಕ್ಕಿಂತ ಹಳೇದು’. ನಾಲ್ಕನೇ ಸಲ ಏನು ಎಂದು ನಾನು ಕೇಳಿಲ್ಲ, ಹೇಳಿಬಿಟ್ಟಾರು ಎಂಬ ಹೆದರಿಕೆ. ಅಳಿಸುವುದು ಮಾತ್ರ ಅವರ ಜನ್ಮದಲ್ಲಿಲ್ಲ. ಲಿನಕ್ಸ್ ಹಾಕುವಾಗಲೂ ಅಂಗಡಿಯಲ್ಲಿ ಅಲ್ಲಿಯವರೆಗೆ ಬಡಿದ ಅಷ್ಟೂ ಫೈಲುಗಳನ್ನು ಮೂರು ಮೂರು ಪ್ರತಿ ಮಾಡಿ ಜೋಪಾನ ಮಾಡಿದ್ದರು. ಇಷ್ಟೆಲ್ಲ ಜೋಪಾನ ಮಾಡಿದವರು ಒಂದನ್ನು ಮರೆತಿದ್ದರು, ಆ ಫೈಲುಗಳ ಅಕ್ಷರಗಳನ್ನು!

ಅಕ್ಷರ ಮರೆಯುವುದು ಹೇಗೆ ಎಂದು ನಾನೂ ಕೇಳಿದ್ದೆ. ಮಾಮಾ ಹೇಳಿದ್ದು ಹೀಗೆ. ಆ ಕಾಲದ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಒಳಗೆ ಇಂಗ್ಲಿಷಿನ ಗುರುತುಗಳೇ ಇರುತ್ತಿದ್ದವು, ಮೇಲೆ ಕನ್ನಡದ ಚಿತ್ರ ತೊಡಿಸುತ್ತಿದ್ದರು. ಆ ಚಿತ್ರಗಳ ಗಂಟಿಗೆ ಫಾಂಟ್ ಎಂದು ಹೆಸರು. ಒಬ್ಬೊಬ್ಬ ಮಾರಾಟಗಾರನದು ಒಂದೊಂದು ಗಂಟು, ಇವನ ‘ಕ’ ಅವನಲ್ಲಿ ‘ಟ’. ಮಾಮಾ ಫೈಲು ಇಟ್ಟರು, ಗಂಟು ಹಳೇ ವ್ಯವಸ್ಥೆಯ ಜೊತೆಗೇ ಹೋಯಿತು. ಅದನ್ನು ಮಾರಿದ ಹುಬ್ಬಳ್ಳಿಯವನು ಅಂಗಡಿ ಮುಚ್ಚಿ ಯಾವ ಊರು ಸೇರಿದನೋ ಯಾರಿಗೂ ಗೊತ್ತಿಲ್ಲ.

ಆ ಫೈಲುಗಳಲ್ಲಿ ಒಂದು, ನಮ್ಮ ಆಯಿಯ ಹಾಡುಗಳದು. ಆಯಿ ಎಂದರೆ ಮಾಮಾನ ಮತ್ತು ನಮ್ಮ ಅವ್ವನ ತಾಯಿ. ಅವಳ ಊರಾದ ಮೆಣಸಗಿಯಲ್ಲಿ ಯಾರ ಮನೆಯ ಅರಿಷಿಣವಿದ್ದರೂ ಆಯಿಯೇ ಮುಂದೆ ಕೂತು ಹಾಡಬೇಕು, ಉಳಿದವರು ಹಿಂದೆ ಸೊಲ್ಲು ಹಿಡಿಯಬೇಕು. ಒಂದು ಬೇಸಿಗೆ ಕಣ್ಣಿನ ಪೊರೆ ತೆಗೆಸಿಕೊಂಡು ಆಯಿ ರೋಣದಲ್ಲಿ ಮಾಮಾನ ಮನೆಯಲ್ಲಿ ಒಂದು ತಿಂಗಳು ಇದ್ದಳು. ನಾನು ಬಿ.ಎಡ್. ಪರೀಕ್ಷೆ ಬರೆಯಲು ಹೋಗುವಾಗ ಎರಡು ವರ್ಷದ ಮಗಳನ್ನು ಅವಳ ಹತ್ತಿರ ಬಿಟ್ಟಿದ್ದೆ. ಆಗ ಅಂಗಡಿಯ ಕಂಪ್ಯೂಟರ್ ಮನೆಯ ಪಡಸಾಲೆಯಲ್ಲಿತ್ತು. ಆಯಿ ಹೇಳಿದಳು, ಮಾಮಾ ಬಡಿದರು. ಛಾಪಿಸಿದ ಕಟ್ಟನ್ನು ಆಯಿ ಮೆಣಸಗಿಗೆ ಒಯ್ದು ಟ್ರಂಕಿನಲ್ಲಿಟ್ಟಳು. ಮಲಪ್ರಭೆ ಊರೊಳಗೆ ಬಂದ ವರ್ಷ ಟ್ರಂಕೇ ಹೋಯಿತು. ‘ಹೋಗ್ಲಿ ಬಿಡ್ರಿ, ಪದಾ ಎಲ್ಲಾ ತಮ್ಮನ ಮಿಷನ್ನಿನ್ಯಾಗ ಅದಾವ’ ಎಂದು ಆಯಿ ಕಡೆಯ ತನಕ ಹೇಳುತ್ತಲೇ ಇದ್ದಳು. ಅವಳು ತೀರಿಕೊಂಡು ಈಗ ಬಹಳ ವರ್ಷವಾಯಿತು.

ಮಗಳಿಗೆ ನರಗುಂದದ ವರ ಗೊತ್ತಾದ. ಅರಿಷಿಣ ಗಜೇಂದ್ರಗಡದ ನಮ್ಮ ಮನೆಯಲ್ಲಿ, ಇನ್ನು ಮೂರು ವಾರಕ್ಕೆ. ಅವ್ವ ಹಾಡುಗಳನ್ನು ನೆನಪಿಸಿಕೊಳ್ಳಲು ಕೂತಳು. ಮೊದಲ ಸಾಲು ಬರುತ್ತದೆ, ಮುಂದೆ ಬರುವುದಿಲ್ಲ. ಬರುವುದಾದರೂ ಹೇಗೆ? ಜೀವನವಿಡೀ ಅವಳು ತಾಯಿಯ ಹಿಂದೆ ಸೊಲ್ಲು ಹಿಡಿದವಳು. ನಾನು ಸಮಾಧಾನಕ್ಕೆ, ‘ಮೊಬೈಲಿನ್ಯಾಗ ಬೇಕಾದಷ್ಟು ಹಾಡು ಸಿಗ್ತಾವ, ಹಚ್ಚಿಬಿಡೋಣ’ ಎಂದೆ. ಅವ್ವ ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ.

‘ನಮ್ಮವ್ವ ನನ್ನ ಅರಿಷಿಣಕ್ಕ ಹಾಡ್ಯಾಳ, ನಿನ್ನ ಅರಿಷಿಣಕ್ಕ ಹಾಡ್ಯಾಳ. ಈ ಕೂಸಿಗೆ ಮೊಬೈಲ್ ಹಾಡಬೇಕೇನು?’

ಮರುದಿನ ಬೆಳಿಗ್ಗೆಯೇ ಅವ್ವನನ್ನು ಕರೆದುಕೊಂಡು ರೋಣಕ್ಕೆ ಹೋದೆ. ಮಾಮಾ ಫೈಲು ತೆರೆದರು. ತೆರೆಯ ತುಂಬ ಇಂಗ್ಲಿಷ್ ಅಕ್ಷರ, ಅದೂ ನೆತ್ತಿಯ ಮೇಲೆ ಚುಕ್ಕಿ, ಟೋಪಿ, ಗೀರು ಹೊತ್ತುಕೊಂಡ ಇಂಗ್ಲಿಷ್. ಅವ್ವ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, ‘ತಮ್ಮಾ, ಇದು ನಮ್ಮವ್ವನ ಪದಾ ಅಲ್ಲೋ. ಯಾವನೋ ಪರಂಗಿಯವ ಬೈದ ಬೈಗಳ ಇದ್ದಂಗ ಐತಿ’ ಎಂದಳು. ಅಂದು ಅವಳಿಗೆ ಅಳು ಬಂದಿತ್ತು, ತಡೆದುಕೊಂಡಳು.

ಮಾಮಾ ಅಕ್ಕನ ಮುಖ ನೋಡಲಿಲ್ಲ, ತೆರೆಯನ್ನೇ ನೋಡುತ್ತಿದ್ದರು. ‘ಇಲ್ಲೇ ಅದಾವಕ್ಕಾ. ಎಲ್ಲಿಗೂ ಹೋಗಿಲ್ಲ. ಯಾವ ಗುರುತಿಗೆ ಯಾವ ಅಕ್ಷರ ಅನ್ನೂದಷ್ಟ ಗೊತ್ತಾಗಬೇಕು’ ಎಂದರು. ಅದು ಹೇಗೆ ಗೊತ್ತಾಗಬೇಕು? ಎದ್ದು ಅಡ್ಡಾಡುತ್ತಿದ್ದ ಮಾಮಾ ಗಪ್ಪನೆ ನಿಂತರು. ಅದೇ ಫಾಂಟಿನಲ್ಲಿ ಅವರು ಆ ವರ್ಷಗಳಲ್ಲಿ ತಾಲೂಕಿನ ತುಂಬ ಲಗ್ನಪತ್ರಿಕೆ ಹೊಡೆದಿದ್ದರಲ್ಲ! ಅವುಗಳ ಫೈಲುಗಳೂ ಹೀಗೇ ಪರಂಗಿಯಾಗಿ ಕೂತಿವೆ. ಆದರೆ ಛಾಪಿಸಿದ ಪತ್ರಿಕೆಗಳು ಮನೆಮನೆಗಳಲ್ಲಿ ಕನ್ನಡವಾಗಿಯೇ ಇರಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಗುರುತು ಯಾವ ಅಕ್ಷರ ಎಂದು ತಿಳಿಯುತ್ತದೆ. ಫೈಲುಗಳಿಗೆ ಊರಿನ ಹೆಸರು, ವರನ ಹೆಸರು ಇಂಗ್ಲಿಷಿನಲ್ಲೇ ಇಟ್ಟಿದ್ದರು, ಹಾಗಾಗಿ ಯಾರ ಮನೆಗೆ ಹೋಗಬೇಕೆಂಬುದೂ ಗೊತ್ತಿತ್ತು.

ಮಾಮಾ ಚೀಲ ಹೆಗಲಿಗೇರಿಸಿ ಹೊರಟರು. ನೀವೇ ಯೋಚಿಸಿ. ಮಟಮಟ ಮಧ್ಯಾಹ್ನ ಅರವತ್ತು ದಾಟಿದ ಒಬ್ಬ ಮನುಷ್ಯ ನಿಮ್ಮ ಬಾಗಿಲಿಗೆ ಬಂದು, ‘ನಿಮ್ಮ ಲಗ್ನಪತ್ರಿಕಿ ಐತೇನ್ರಿ? ನಾನ ಹೊಡದಿದ್ದೆ. ನೋಡಿ ಕೊಡ್ತೀನಿ’ ಎಂದರೆ ನಿಮಗೆ ಏನನ್ನಿಸುತ್ತದೆ? ರೋಣದಲ್ಲಿ ಒಬ್ಬರು ಗಾಬರಿಯಿಂದ, ‘ಯಾಕ್ರಿ, ಮುಹೂರ್ತ ತಪ್ಪ ಬಿದ್ದಿತ್ತೇನು?’ ಎಂದರಂತೆ. ನರಗುಂದದಲ್ಲಿ ಕಟ್ಟೆಯ ಮೇಲೆ ಕೂತಿದ್ದ ಗಂಡ ಒಳಗಿನವಳಿಗೆ ಕೇಳದಂತೆ ಮೆಲ್ಲಗೆ, ‘ಇಷ್ಟ ವರ್ಷದ ಮ್ಯಾಲ ರದ್ದ ಮಾಡಾಕ ಬರ್ತೈತೇನ್ರಿ?’ ಎಂದು ಕೇಳಿದನಂತೆ. ಒಳಗಿನವಳಿಗೆ ಕೇಳಿಸಿತು! ಸೀರೆಗಳ ಬುಡದಲ್ಲಿ ಜೋಪಾನವಾಗಿಟ್ಟಿದ್ದ ಪತ್ರಿಕೆಯನ್ನು ತಂದು ಮಾಮಾನ ಕೈಗಿತ್ತು, ‘ನೋಡ್ರಿ, ಇದರಾಗ ಇವರ ಹೆಸರಿನ ಮುಂದ ಚಿರಂಜೀವಿ ಅಂತ ಯಾಕ ಹಾಕಿದ್ರಿ?’ ಎಂದು ಜಗಳ ತೆಗೆದಳಂತೆ. ‘ಹೇಳಿದ್ದು ಹಾಕೇನ್ರಿ’ ಎಂದರಂತೆ ನಮ್ಮ ಮಾಮಾ.

ವಾರದಲ್ಲಿ ಹದಿನಾರು ಪತ್ರಿಕೆ ಕೂಡಿದವು. ಮಾಮಾ ಒಂದು ಉದ್ದನೆಯ ಪಟ್ಟಿ ಮಾಡಿದರು: ಈ ಗುರುತು ಕಂಡಲ್ಲಿ ಈ ಅಕ್ಷರ ಹಾಕು. ಒಂದು ಅಕ್ಷರ ಮಾತ್ರ ಯಾವ ಪತ್ರಿಕೆಯಲ್ಲೂ ಸಿಗಲಿಲ್ಲ, ‘ಠ’. ಯಾರ ಮದುವೆಯಲ್ಲಿ ಅದು ಇದ್ದೀತು? ವಿಠ್ಠಲ ಎಂಬ ಹೆಸರಿನವರ ಮದುವೆಯಲ್ಲಿ! ಫೈಲುಗಳಲ್ಲಿ ಒಂದರ ಹೆಸರು ಗಜೇಂದ್ರಗಡದ ವಿಠ್ಠಲ ಎಂದೇ ಇತ್ತು. ನಮ್ಮ ಗಜೇಂದ್ರಗಡದ ಸಂತೆಯಲ್ಲಿ ನಿಂತು ಮಾಮಾ ಕಂಡಕಂಡವರನ್ನು, ‘ಇಲ್ಲಿ ವಿಠ್ಠಲ ಅನ್ನಾವರು ಯಾರ್ರಿ, ಲಗ್ನ ಆಗೇತೇನ್ರಿ?’ ಎಂದು ವಿಚಾರಿಸಿದರು. ಯಾರದೋ ಮಗಳಿಗೆ ವರ ನೋಡಲು ಬಂದಿದ್ದಾರೆಂದು ತಿಳಿದು ಜನ ಮೂವರು ವಿಠ್ಠಲರನ್ನು ತೋರಿಸಿದರು. ಮೂರನೆಯವನ ಮನೆಯಲ್ಲಿ ಪತ್ರಿಕೆ ಸಿಕ್ಕಿತು. ಮೊದಲಿಬ್ಬರು ಇನ್ನೂ ಮಾಮಾನ ದಾರಿ ಕಾಯುತ್ತಿರಬೇಕು, ಅವರ ಲಗ್ನ ಆಗಿರಲಿಲ್ಲ.

ಅರಿಷಿಣಕ್ಕೆ ಇನ್ನು ಐದೇ ದಿನ. ಮಾಮಾ ಕಂಪ್ಯೂಟರಿಗೆ ಪಟ್ಟಿ ಕೊಟ್ಟು, ಬದಲಿಸು ಎಂದು ಆಜ್ಞೆ ಕೊಟ್ಟರು. ಮತ್ತೆ ರೋಣಕ್ಕೆ ಬಂದಿದ್ದ ಅವ್ವ, ನಾನು, ಜೊತೆಗೆ ಅತ್ತಿ, ಮೂವರೂ ಹಿಂದೆ ನಿಂತಿದ್ದೆವು. ಕಣ್ಣು ಮಿಟುಕಿಸುವುದರೊಳಗೆ ತೆರೆಯ ತುಂಬ ಕನ್ನಡ! ಅವ್ವ ಕೈ ಮುಗಿದೇಬಿಟ್ಟಳು. ಓದಲು ಹೋದರೆ, ‘ಮದುಮಗಳು’ ಇರಬೇಕಾದಲ್ಲಿ ‘ವುದುವುಗಳು’ ಎಂದಿದೆ. ಎಲ್ಲ ‘ಮ’ಗಳೂ ‘ವು’ ಆಗಿವೆ!

‘ಹಲ್ಲ ಬಿದ್ದ ಮುದುಕಿ ಹಾಡಿದಂಗ ಆತಲ್ರೀ’ ಎಂದಳು ಅತ್ತಿ.

ಮಾಮಾ ಮಾತ್ರ ತೊಡೆ ತಟ್ಟಿಕೊಂಡು ನಕ್ಕರು. ಆ ಫಾಂಟಿನಲ್ಲಿ ‘ವ’ಕ್ಕೆ ಒಂದು ಬಾಲ ಹಚ್ಚಿದರೆ ‘ಮ’. ಪಟ್ಟಿಯಲ್ಲಿ ‘ವ’ವನ್ನು ಮೊದಲು ಬರೆದಿದ್ದರು. ಕಂಪ್ಯೂಟರ್ ಮೊದಲು ಎಲ್ಲ ‘ವ’ಗಳನ್ನು ಬದಲಿಸಿತು, ಅನಾಥವಾಗಿ ಉಳಿದ ಬಾಲಗಳನ್ನು ಕೊಂಬೆಂದು ಓದಿಕೊಂಡಿತು. ‘ಅದರ ತಪ್ಪಲ್ಲವಾ, ನಾ ಹೇಳಿದ ಪಾಳಿ ತಪ್ಪು. ದೊಡ್ಡದನ್ನ ಮೊದಲ ಹೇಳಬೇಕಿತ್ತು’ ಎಂದು ಪಟ್ಟಿಯ ಒಂದು ಪ್ರತಿ ಮಾಡಿ ‘ಹಳೇದು’ ಎಂದು ಹೆಸರಿಟ್ಟು, ತಿದ್ದಲು ಕೂತರು. ಹೀಗೆ ಒಂದು ಸರಿಹೋದರೆ ಇನ್ನೊಂದು ಕೆಡುತ್ತಿತ್ತು. ಒತ್ತಕ್ಷರಗಳು ಒಂದು ಮನೆ ಬಿಟ್ಟು ಇನ್ನೊಂದು ಮನೆಯ ಕೆಳಗೆ ಹೋಗಿ ಕೂರುತ್ತಿದ್ದವು. ನಾನು ಕಲಿಸುವ ಸಾಲಿಯ ರಜೆ ಮುಗಿದಿತ್ತು, ಅವ್ವನನ್ನು ಕರೆದುಕೊಂಡು ಊರಿಗೆ ಬಂದೆ.

ಅರಿಷಿಣದ ಹಿಂದಿನ ದಿನ ಫೋನು ಮಾಡಿದೆ. ‘ಎಲ್ಲಾ ಸರಿಯಾಗೇತಿ. ಮುಂಜಾನಿ ಬಸ್ಸಿಗೆ ತರ್ತೀನಿ’ ಎಂದರು.

‘ಓದಿ ನೋಡಿದ್ರೇನು ಮಾಮಾ?’

‘ಅಕ್ಷರ ಅಷ್ಟ ನೋಡೇನಿ. ಓದಿಲ್ಲ. ಓದಾಕ ಕುಂತಿದ್ರ ನನಗ ಮುಗಸಾಕ ಆಗತಿದ್ದಿಲ್ಲವಾ.’

ಮರುದಿನ ಮಗಳನ್ನು ಮಣೆಯ ಮೇಲೆ ಕೂರಿಸಿ, ಮುತ್ತೈದೆಯರು ಅರಿಷಿಣದ ಬಟ್ಟಲು ಹಿಡಿದು ಕಾಯುತ್ತಿರುವಾಗ ಮಾಮಾ ಬೆವರುತ್ತ ಬಂದರು. ಮೂರು ಪ್ರತಿ ತಂದಿದ್ದರು, ಎರಡು ಕಳೆದುಹೋದರೂ ಒಂದಿರಲಿ ಎಂದು. ಅವ್ವನ ಕಣ್ಣಿಗೆ ಸಣ್ಣ ಅಕ್ಷರ ನಿಲುಕುವುದಿಲ್ಲ. ಹೀಗಾಗಿ ನಾನು ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಓದಬೇಕು, ಅವ್ವ ಹಾಡಬೇಕು, ಉಳಿದವರು ಹಿಂದೆ ಎತ್ತಬೇಕು ಎಂದಾಯಿತು. ಮಾಮಾ ಹೊಸ್ತಿಲ ಆಚೆ ನಿಂತರು.

ಓದಿದೆ, ‘ಹೊಳಿಯಾಚಿ ದಂಡೀಲೆ ಬಂದಾವ ಅರಿಷಿಣ.’ ಅವ್ವ ಎತ್ತಿದಳು. ಮೊದಲು ಸಣ್ಣಗೆ, ಆಮೇಲೆ ಗಟ್ಟಿಯಾಗಿ. ಮರೆತೇಹೋಗಿದೆ ಎಂದುಕೊಂಡಿದ್ದ ಧಾಟಿ ಮಾತು ಸಿಕ್ಕ ಕೂಡಲೇ ತಾನಾಗಿ ಬಂತು. ಎರಡನೆಯ ಸಾಲು, ಮೂರನೆಯದು. ಅವ್ವ ಕಣ್ಣು ಮುಚ್ಚಿ ಹಾಡುತ್ತಿದ್ದಳು, ನಾನು ಯಂತ್ರದ ಹಾಗೆ ಓದುತ್ತಿದ್ದೆ. ಮುಂದಿನ ಸಾಲನ್ನೂ ಹಾಗೇ ಓದಿದೆ.

‘ಸಾವಕಾಶ ಬಡಿಯೋ ತಮ್ಮಾ, ಕೂಸು ಎದ್ದೀತು.’

ಅವ್ವ ಅದನ್ನೂ ರಾಗ ಎಳೆದು ಹಾಡಿದಳು! ಹಿಂದಿನವರೂ ಎತ್ತಿದರು: ‘ಸಾವಕಾಶ ಬಡಿಯೋ ತಮ್ಮಾ...’ ಅರ್ಧಕ್ಕೆ ಬಂದು ಅವ್ವನ ಬಾಯಿ ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ಹಾಡು ನಿಲ್ಲಿಸಿದರು.

ಅದು ಹಾಡಲ್ಲ. ಹಾಡಿನ ನಡುವೆ ಆಯಿ ಆಡಿದ ಮಾತು. ತೊಡೆಯ ಮೇಲೆ ಮಲಗಿದ್ದ ಕೂಸು ಕೀಲಿಮಣೆಯ ಸದ್ದಿಗೆ ಎದ್ದೀತು ಎಂದು ಮಗನಿಗೆ ಹೇಳಿದ್ದು. ಮಗ ಅದನ್ನೂ ಬಡಿದಿದ್ದ.

ನನ್ನ ಮಗಳು ಅರಿಷಿಣದ ಮುಖ ಎತ್ತಿ, ‘ಯಾರ ಕೂಸು ಅವ್ವಾ?’ ಎಂದಳು. ಅಜ್ಜಿಯೇ ಅರಿಷಿಣದ ಕೈಯನ್ನು ಮೊಮ್ಮಗಳ ಕೆನ್ನೆಗೆ ಹಚ್ಚಿ ಹೇಳಿದಳು: ‘ನೀನ ಅವ್ವಾ. ನಮ್ಮವ್ವನ ತೊಡಿ ಮ್ಯಾಲ ಮಕ್ಕೊಂಡಿದ್ದಿ.’ ಆಮೇಲೆ ಹೊಸ್ತಿಲ ಕಡೆ ತಿರುಗಿದಳು.

‘ತಮ್ಮಾ, ಇದನ್ನೂ ಬರದಿದ್ದೇನೋ?’

‘ಅವ್ವ ಹೇಳಿದ್ಲಲ್ಲಕ್ಕಾ’ ಎಂದರು ಮಾಮಾ. ಅಂದವರೇ ಅಂಗಳದ ಕಡೆ ಹೊರಳಿದರು. ಬುಶ್ ಶರ್ಟಿನ ತೋಳಿನಲ್ಲಿ ಮುಖ ಒರೆಸಿಕೊಂಡದ್ದು ಎಲ್ಲರಿಗೂ ಕಂಡಿತು.

‘ಮುಂದ ಓದು’ ಎಂದಳು ಅವ್ವ. ಓದಿದೆ. ಆ ಹಾಳೆಗಳ ತುಂಬ ಆಯಿ ಇದ್ದಳು. ಎರಡು ಹಾಡಿನ ನಡುವೆ ಚಹಾ ಆರುತ್ತದೆ ಎಂದು ಬೈದಿದ್ದಳು, ಸೊಸೆಗೆ ಬಿಸಿಲಿಗೆ ಶಾವಿಗೆ ಹಾಕಲು ನೆನಪಿಸಿದ್ದಳು, ಒಂದು ಕಡೆ ಸುಮ್ಮನೆ ‘ಯಪ್ಪಾ ಸೊಂಟಾ’ ಎಂದಿದ್ದಳು. ಒಂದನ್ನೂ ಬಿಡದೆ ಓದಿದೆ. ಅವ್ವ ನಕ್ಕಳು, ಅತ್ತಳು, ಎಲ್ಲ ಹಾಡುಗಳನ್ನೂ ಕೊನೆಯ ತನಕ ಹಾಡಿದಳು.

ಈ ಪ್ರಬಂಧದ ಮೊದಲಲ್ಲಿ ನಾನು ಹೇಳಿದ್ದನ್ನೆಲ್ಲ ಕೇಳುವವರ ಕಾಟದ ಬಗ್ಗೆ ದೊಡ್ಡದಾಗಿ ಬರೆದೆನಲ್ಲ, ಇಲ್ಲಿಗೆ ಬರುವಷ್ಟರಲ್ಲಿ ಆ ಮಾತನ್ನು ಅಳಿಸಿಬಿಡಬೇಕು ಎನ್ನಿಸಿತು. ಮಾಮಾನಿಗೆ ಫೋನು ಮಾಡಿ ಕೇಳಿದೆ. ‘ನೀ ಅಂದಿದ್ದು ಖರೇ ಹೌದೋ ಅಲ್ಲೋ?’ ಎಂದರು. ಹೌದೆಂದೆ. ‘ಮತ್ತ ಇರ್ಲಿ ಬಿಡವಾ’ ಎಂದರು. ಹಾಗಾಗಿ ಅದು ಅಲ್ಲಿ ಹಾಗೇ ಇದೆ.